ಕಂಬಿ ಮುಂದಕ್ಕೆ, ಡಬ್ಬಿ ಹಿಂದಕ್ಕೆ

ಚೀನೀ ಅಕ್ಷರ ಎಂದರೆ ಚಿತ್ರ, ಓದಬೇಕಾಗಿಲ್ಲ, ನೋಡಿದರೆ ಸಾಕು ಎನ್ನುವವರು ನನ್ನ ಕಾಲೇಜಿನಲ್ಲೂ ಇದ್ದಾರೆ, ಅಮ್ಮ ದುಡಿಯುವ ಶೆಡ್ಡಿನಲ್ಲೂ ಇದ್ದಾರೆ. ಇದು ಅರ್ಧ ಸುಳ್ಳು. ಪೂರ್ತಿ ಸುಳ್ಳಾಗಿದ್ದರೆ ಜಗಳ ಸುಲಭವಾಗುತ್ತಿತ್ತು.

ಅಮ್ಮ ರಾಜಾಜಿನಗರದ ಊದುಬತ್ತಿ ಶೆಡ್ಡೊಂದರಲ್ಲಿ ಆರು ವರ್ಷದಿಂದ ಪ್ಯಾಕಿಂಗ್ ಮೆಷಿನ್ ನಡೆಸುತ್ತಿದ್ದಳು. ಮೆಷಿನ್ ಚೀನಾದ್ದು, ಗುಂಡಿಗಳ ಮೇಲಿನ ಬರಹವೂ ಅಲ್ಲಿಯದೇ. ಕನ್ನಡವನ್ನೇ ಕೂಡಿಸಿ ಕೂಡಿಸಿ ಓದುವ ಅಮ್ಮ ಆ ಅಕ್ಷರಗಳಿಗೆಲ್ಲ ತನ್ನದೇ ಹೆಸರಿಟ್ಟುಕೊಂಡಿದ್ದಳು. ಮೊನ್ನೆ ಹೊಸ ಮೆಷಿನ್ ಬಂತು. ಗುಂಡಿಗಳ ಜಾಗ ಅದಲುಬದಲಾಗಿತ್ತು. ಇನ್ನು ಕಡ್ಡಿ ಆರಿಸುವ ಟೇಬಲ್ಲಿಗೆ ಹೋಗಿ ಎಂದರಂತೆ ಓನರ್. ಅಲ್ಲಿಗೆ ಹೋದವರು ಮತ್ತೆ ಮೆಷಿನ್ ಮುಟ್ಟಿದ್ದಿಲ್ಲ. ಮರುದಿನ ನಾನು ಕಾಲೇಜಿಗೆ ಚಕ್ಕರ್ ಹೊಡೆದು ಅಮ್ಮನ ಜೊತೆ ಹೋದೆ.

“ನಿಮ್ಮಮ್ಮ ಎಲ್ಲಿ ಓದ್ತಾರಮ್ಮ? ಜಾಗ ಗೊತ್ತು, ಒತ್ತಾರೆ. ಅಷ್ಟೇ,” ಎಂದರು ಓನರ್.

“ಒಂದ್ಸಲ ಈ ಹೊಸ ಮೆಷಿನ್ ಮುಂದೆ ನಿಲ್ಸಿ ನೋಡಿ ಸಾರ್.”

“ಸುಮ್ನಿರೇ, ನಿನ್ ಡಿಬೇಟು ಇಲ್ಲಿ ಬೇಡ.” ಅಮ್ಮ ತೋಳು ಚಿವುಟಿದಳು.

ಓನರ್ ನಕ್ಕರು. “ಸರಿ, ರೋಲ್ ಮುಂದಕ್ಕೆ ಓಡ್ಸಿ. ಹಿಂದಕ್ಕೆ ಓಡಿದ್ರೆ ಪ್ಲಾಸ್ಟಿಕ್ ಹರ್ದೋಗುತ್ತೆ, ಆಮೇಲೆ ಮಾತಿಲ್ಲ.”

ಮುಂದಕ್ಕೆ, ಹಿಂದಕ್ಕೆ: ಎರಡು ಅಕ್ಷರಗಳಿಗೂ ಕೆಳಗೆ ಒಂದೇ ಥರದ ಬಾಲ; ಮೇಲೆ ಮಾತ್ರ ಒಂದಕ್ಕೆ ಕಿಟಕಿ ಕಂಬಿಯಂಥ ಗೆರೆಗಳು, ಇನ್ನೊಂದಕ್ಕೆ ಡಬ್ಬಿಯಂಥ ಆಕಾರ. ಅಮ್ಮನ ಕೈ ಹಳೆಯ ಜಾಗಕ್ಕೇ ಹೋಯಿತು. ಓನರ್ ಹೇಳಿದ್ದರಲ್ಲಿ ಅಷ್ಟು ನಿಜವಿತ್ತು. ಆದರೆ ಗುಂಡಿಗೆ ಒಂದಿಂಚು ದೂರದಲ್ಲಿ ಕೈ ನಿಂತಿತು. ಸೀರೆಯ ಮೇಲೆ ತೋರುಬೆರಳಲ್ಲಿ ಅಡ್ಡ ಎರಡು, ಉದ್ದ ಎರಡು ಗೆರೆ ಎಳೆದಳು. “ಕಂಬಿ ಮುಂದಕ್ಕೆ, ಡಬ್ಬಿ ಹಿಂದಕ್ಕೆ,” ಎಂದು ಗೊಣಗಿ ಪಕ್ಕದ ಗುಂಡಿ ಒತ್ತಿದಳು. ರೋಲ್ ಮುಂದಕ್ಕೆ ಓಡಿತು.

ಕಣ್ಣು ಕಂಡದ್ದು ಮಿದುಳಿನಲ್ಲಿ ಎರಡು ದಾರಿ ಹಿಡಿಯುತ್ತದೆ ಎಂದು ಸೈಕಾಲಜಿ ಕ್ಲಾಸಿನಲ್ಲಿ ಕಲಿತಿದ್ದೆ. ಕೆಳಗಿನದು ‘ಇದೇನು’ ಎನ್ನುತ್ತದೆ, ಮೇಲಿನದು ‘ಎಲ್ಲಿದೆ, ಕೈ ಹೇಗೆ ಹೋಗಬೇಕು’ ಎನ್ನುತ್ತದೆ. ಚೀನೀ ಅಕ್ಷರ ಓದುವಾಗ ಎರಡೂ ಒಂದನ್ನೊಂದು ಕೇಳಿಕೊಳ್ಳುತ್ತವೆ; ಕಣ್ಣಿನ ಗುರುತಿಗೆ ಕೈಯ ನೆನಪೂ ಸೇರುತ್ತದೆ. ಆ ಭಾಷೆಯಲ್ಲೇ ಹುಟ್ಟಿದವರೂ ಅಕ್ಷರ ಮರೆತಾಗ ಅಂಗೈ ಮೇಲೆ ಬರೆದು ನೋಡಿಕೊಳ್ಳುತ್ತಾರೆ. ಇಷ್ಟನ್ನೂ ಓನರಿಗೆ ಒಂದೇ ಉಸಿರಿಗೆ ಹೇಳಿದೆ.

“ಬೆರಳಲ್ಲಿ ಗೀಚ್ಕೊಂಡು ಹೇಳೋದು ಓದಲ್ಲಮ್ಮ, ಅಂದಾಜು,” ಎಂದರು ಓನರ್.

“ಜಾಗ ನೋಡಿ ಒತ್ತಾರೆ ಅಂದ್ರಿ. ಜಾಗ ಬದಲಾಯ್ತು, ಆದ್ರೂ ಸರಿಯಾಗೇ ಒತ್ತಿದ್ರು. ಇನ್ನೇನ್ ಮಾಡಿದ್ರೆ ನಮ್ಮಮ್ಮಂಗೆ ಓದಕ್ಕೆ ಬರುತ್ತೆ ಅಂತ ಒಪ್ಕೋತೀರಾ ಸಾರ್?”