ಅಜ್ಜಿ ಕುಡಿಸಿದ ನೀರು

ನಾಲ್ಕು ಹೆಜ್ಜೆ ಓಡಿದರೆ ನನ್ನ ತುಟಿ ನೇರಳೆ ಹಣ್ಣು ತಿಂದವರ ತುಟಿಯಂತಾಗುತ್ತಿತ್ತು. ಆಗ ರಸ್ತೆಯಾಗಲಿ, ಮೀನು ಮಾರುಕಟ್ಟೆಯಾಗಲಿ, ಇದ್ದಲ್ಲೇ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದೆ. ಮಂಡಿಗಳನ್ನು ಎದೆಗೆ ಒತ್ತಿಕೊಂಡರೆ ಉಸಿರು ಮರಳುತ್ತಿತ್ತು. ಅದನ್ನು ಯಾರೂ ಕಲಿಸಿದ್ದಲ್ಲ. ನೋಡಿ ನಕ್ಕವರಿಗೆ ನಾಲಗೆ ಚಾಚುತ್ತಿದ್ದೆ. ಅದೂ ನೀಲಿಯೇ, ಹೆದರಲಿ ಎಂದು.

ಅತ್ತಾವರದ ಡಾಕ್ಟರು ನನ್ನ ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದರು. ಹುಟ್ಟಿನಿಂದಲೇ ಹೃದಯದ ಒಳಗೋಡೆಯಲ್ಲಿ ತೂತಿದೆ ಎಂದರು. ಅದನ್ನು ಮುಚ್ಚುವ ಶಸ್ತ್ರಚಿಕಿತ್ಸೆ ನನ್ನ ಪಾಲಿಗೆ ಬಂದದ್ದು ದೊಡ್ಡವಳಾದ ಮೇಲೆ. ಐವತ್ತರ ದಶಕದ ಮಂಗಳೂರಿನಲ್ಲಿ ಅದರ ಸುದ್ದಿಯೂ ಇರಲಿಲ್ಲ. "ಇವಳನ್ನು ಬಾಯಾರಲು ಬಿಡಬೇಡಿ. ರಕ್ತ ಗಟ್ಟಿಯಾದರೆ ಕಷ್ಟ ಉಂಟು," ಎಂದು ಅಮ್ಮನಿಗೆ ಹೇಳಿದರು. ಕಷ್ಟ ಎಂದರೆ ಏನೆಂದು ಅಮ್ಮ ಕೇಳಲಿಲ್ಲ. ಅಂದಿನಿಂದ ಮನೆಯವರೆಲ್ಲ ನನ್ನೊಡನೆ ಮೆತ್ತಗೆ ಮಾತಾಡತೊಡಗಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಸಾಯುವವರ ಹತ್ತಿರ ಜನ ಹಾಗೆ ಮಾತಾಡುವುದನ್ನು ನಾನು ನೋಡಿದ್ದೆ.

ನಮ್ಮ ಕ್ರೈಸ್ತ ಮನೆಗಳಲ್ಲಿ ಮಗುವಿನ ಮೊದಲ ಪರಮಪ್ರಸಾದ, ಎಂದರೆ ಪೂಜೆಯಲ್ಲಿ ಪವಿತ್ರ ರೊಟ್ಟಿಯನ್ನು ಮೊದಲ ಸಲ ನಾಲಗೆಯ ಮೇಲೆ ಪಡೆಯುವ ದಿನ, ಮದುವೆಯಷ್ಟೇ ಸಂಭ್ರಮ. ನನ್ನದನ್ನು ಓರಗೆಯವರಿಗಿಂತ ಮುಂಚೆಯೇ ಇಟ್ಟುಕೊಂಡರು. ನಾನು ಜಾಣೆ, ಅದಕ್ಕೇ ಎಂದು ಬೀಗಿದ್ದೆ. ದರ್ಜಿ ಬಿಳಿ ಉಡುಪಿಗೆ ಅಳತೆ ತೆಗೆಯುವಾಗ ಅಜ್ಜಿ, "ಸ್ವಲ್ಪ ಉದ್ದವೇ ಇರಲಿ, ಮತ್ತೆಯೂ ಬೇಕಾದೀತು," ಎಂದಳು. ಅಮ್ಮ ಮುಖ ತಿರುಗಿಸಿದಳು. ನಮ್ಮಲ್ಲಿ ಮಕ್ಕಳನ್ನು ಮಣ್ಣು ಮಾಡುವಾಗ ತೊಡಿಸುವುದೂ ಬಿಳಿಯೇ.

ಪ್ರಸಾದ ಪಡೆಯುವವರು ಹಿಂದಿನ ಮಧ್ಯರಾತ್ರಿಯಿಂದ ಅನ್ನ ಮಾತ್ರವಲ್ಲ, ನೀರನ್ನೂ ಮುಟ್ಟಬಾರದೆಂಬುದು ಹಳೆಯ ಕಟ್ಟಳೆ. ನೀರಿಗೆ ಇನ್ನು ಅಡ್ಡಿಯಿಲ್ಲವೆಂದು ಪಾದ್ರಿಗಳು ಪ್ರವಚನದಲ್ಲೇ ಹೇಳಿದ್ದರು. ಅಜ್ಜಿ ಒಪ್ಪಲಿಲ್ಲ. "ಈ ಹೊಸಬರಿಗೆ ಎಂತ ಗೊತ್ತು? ನೀರು ಕುಡಿದು ತಗೊಂಡರೆ ಮಹಾಪಾಪ. ನರಕವೇ ಸೈ," ಎಂದು ಕಡ್ಡಿ ಮುರಿದಂತೆ ಹೇಳಿದಳು.

ಅಂದು ಬೆಳಿಗ್ಗೆ ಅಮ್ಮ ನನ್ನನ್ನು ಬಚ್ಚಲ ಬಳಿ ಕರೆದು ಲೋಟ ಚಾಚಿದಳು.

"ಒಂದು ಗುಟುಕು ಕುಡಿ ಮಾರಾಯ್ತಿ. ಅಜ್ಜಿಗೆ ಹೇಳುವುದಿಲ್ಲ."

"ಬೇಡ. ನನಗೆ ನರಕ ಬೇಡ," ಎಂದೆ. ಬೇಗ ಸಾಯುವವಳಿಗೆ ನರಕದ ಭಯ ಎಷ್ಟಿರುತ್ತದೆಂದು ಅವಳಿಗೇನು ಗೊತ್ತು.

ಪಡೀಲಿನ ನಮ್ಮ ಮನೆಯಿಂದ ಇಗರ್ಜಿಗೆ ಏರುದಾರಿ. ಮೇ ತಿಂಗಳ ಸೆಕೆಗೆ ಬೆಳಗಾಗುವಾಗಲೇ ಮೈ ಅಂಟಂಟಾಗಿತ್ತು. ಅಮ್ಮ ಎತ್ತಿಕೊಳ್ಳಲು ಬಂದರೆ, ಉಡುಪು ಮುದುಡುತ್ತದೆಂದು ಕೈ ಕೊಸರಿಕೊಂಡು ನಾನೇ ನಡೆದೆ. ಇಗರ್ಜಿಯೊಳಗೆ ಮೇಣದಬತ್ತಿಗಳ ಶಾಖ. ಲ್ಯಾಟಿನ್ ಪೂಜೆ ಮುಗಿಯುವಂತೆಯೇ ಕಾಣಲಿಲ್ಲ. ಮೊಣಕಾಲೂರಿದ್ದ ನನಗೆ ಬೆರಳುಗಳು ಜೋಮು ಹಿಡಿದವು. ಕುಕ್ಕರಗಾಲಲ್ಲಿ ಕೂತರೆ ಸಾಕಿತ್ತು. ಆದರೆ ದೇವರ ಪೀಠದ ಮುಂದೆ ಹಾಗೆ ಕೂರುವುದುಂಟೇ? ಪಕ್ಕದ ಹುಡುಗಿಯ ತಲೆಯ ಮೇಲಿನ ಬಿಳಿ ಹೂಗಳು ಒಂದೊಂದಾಗಿ ಕಪ್ಪಾದವು.

ಕಣ್ಣು ತೆರೆದಾಗ ಅಜ್ಜಿಯ ಮಡಿಲಲ್ಲಿದ್ದೆ. ತುಂಬಿದ ಇಗರ್ಜಿಯ ನಡುವೆ ಅವಳು ನೆಲದಲ್ಲಿ ಕೂತು ನನ್ನ ಮಂಡಿಗಳನ್ನು ಎದೆಗೆ ಒತ್ತಿ ಹಿಡಿದಿದ್ದಳು. "ನೀರು ತನ್ನಿ! ಎಂತ ನೋಡ್ತೀರಿ?" ಎಂದು ಅರಚುತ್ತಿದ್ದಳು. ಯಾರೋ ತಂದ ನೀರನ್ನು ತಾನೇ ನನ್ನ ಬಾಯಿಗೆ ಹೊಯ್ದಳು. ಪಾದ್ರಿಗಳು ಪೀಠದಿಂದ ಇಳಿದು ಬಂದು, ಇನ್ನೂ ಒದ್ದೆಯಿದ್ದ ನನ್ನ ನಾಲಗೆಯ ಮೇಲೆ ಪ್ರಸಾದವಿಟ್ಟರು. ಅಜ್ಜಿ ತಡೆಯಲಿಲ್ಲ. ಪೀಠದ ಕಡೆ ನೋಡಿ, "ಪಾಪ ನನಗಿರಲಿ. ಇವಳನ್ನು ಬಿಟ್ಟುಬಿಡು," ಎಂದಳು. ಅದು ಕೇಳಿಸಿದ್ದು ನನಗೊಬ್ಬಳಿಗೇ.

ನಾನು ಬದುಕಿದೆ. ಮುಂದಿನ ಭಾನುವಾರ ಅಜ್ಜಿ ಪ್ರಸಾದಕ್ಕೆ ಏಳಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಮಹಾಪಾಪ ಹೊತ್ತವರು ಅದನ್ನು ಪಾದ್ರಿಗಳ ಮುಂದೆ ನಿವೇದಿಸಿ ಇಳಿಸಿಕೊಳ್ಳದೆ ಪ್ರಸಾದ ಪಡೆಯುವಂತಿಲ್ಲ. ಪಾದ್ರಿಗಳು ಮನೆಗೇ ಬಂದು, "ಅದು ಪಾಪವೇ ಅಲ್ಲ ಬಾಯಮ್ಮ, ಪಾಪನಿವೇದನೆಯೂ ಬೇಡ," ಎಂದರು. ಅಜ್ಜಿ ತಲೆಯಾಡಿಸಿ, ಕಾಫಿ ಕೊಟ್ಟು ಕಳುಹಿಸಿದಳು. ಅವಳ ಮಟ್ಟಿಗೆ ದೇವರೊಡನೆ ಮಾತಾಗಿತ್ತು. ಪಾಪವನ್ನು ಅವಳು ಇಳಿಸಿಕೊಂಡರೆ ನನ್ನನ್ನು ಉಳಿಸಬೇಕಾದ ಹಂಗು ದೇವರಿಗಿರುವುದಿಲ್ಲ. ಎಲ್ಲರೂ ಎದ್ದು ಹೋದ ಬೆಂಚಿನಲ್ಲಿ ಅವಳೊಬ್ಬಳೇ ಕೂತಿರುವುದನ್ನು ನೋಡಿ ನನಗೆ ಅಯ್ಯೋ ಅನ್ನಿಸುತ್ತಿತ್ತು. ಎಲ್ಲಿ ಎದ್ದುಬಿಡುತ್ತಾಳೋ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು.

ಅರವತ್ತರ ದಶಕದ ಒಂದು ಮಳೆಗಾಲದಲ್ಲಿ ಅಜ್ಜಿ ಹಾಸಿಗೆ ಹಿಡಿದಳು. ಪಾದ್ರಿಗಳು ಕೊನೆಯ ಪ್ರಸಾದ ತಂದಿದ್ದಾರೆಂದು ಅಮ್ಮ ಕೂಗಿದಾಗ ಅಂಗಳದಲ್ಲಿದ್ದ ನಾನು ಓಡಿ ಬಂದೆ. ಅವಳ ಕೈ ಹಿಡಿದುಕೊಂಡು, "ತಗೋ ಅಜ್ಜಿ. ನನಗೆ ಈಗ ಎಂತದ್ದೂ ಇಲ್ಲ, ಸರಿ ಇದ್ದೇನೆ," ಎಂದೆ. ಮಾತಿನ ನಡುವೆ ಎರಡು ಸಲ ಉಸಿರು ಕಟ್ಟಿತು. ಅಜ್ಜಿ ನನ್ನ ತುಟಿಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತನ್ನ ಬಾಯಿಯನ್ನು ಬಿಗಿಯಾಗಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು.