ಹಾರ್ನು ಕಿವಿ ಇದ್ದವರಿಗೆ

ಸಾಯಬಣ್ಣ ಲಾರಿಯಲ್ಲಿ ಒಂದು ಉದ್ದನೆಯ ಬಿದಿರು ಕೋಲು ಇಟ್ಟುಕೊಂಡಿರುತ್ತಿದ್ದ. ತೊಗರಿ ಸುಗ್ಗಿಯಲ್ಲಿ ರಸ್ತೆ ಮೇಲೆ ಎಲ್ಲಿ ತೊಗರಿ ಹರವಿದ್ದು ಕಂಡರೂ ಲಾರಿ ನಿಲ್ಲಿಸಿ ಇಳಿಯುತ್ತಿದ್ದ. ಈ ತುದಿಯಿಂದ ಆ ತುದಿಯವರೆಗೆ ಕೋಲಿನಿಂದ ಮೆಲ್ಲಗೆ ತಿವಿಯುತ್ತ ಹೋಗುತ್ತಿದ್ದ, ಹಾವು ಹುಡುಕುವವರ ಹಾಗೆ. ಕೊನೆಗೆ "ಯಾರರೆ ಅದೀರೇನು? ಏಳ್ರಿ" ಎಂದು ಒಮ್ಮೆ ಕೇಳುತ್ತಿದ್ದ. ಆಮೇಲೆಯೇ ಗಾಡಿ ಏರುವುದು. ಹಿಂದೆ ನಿಂತ ಜೀಪಿನವರು ಬೈಯುತ್ತಿದ್ದರು. ಊರವರು ಹುಚ್ಚು ಡ್ರೈವರ ಎಂದು ಹೆಸರಿಟ್ಟಿದ್ದರು. ಅವನಿಗೆ ಹುಚ್ಚಿರಲಿಲ್ಲ. ಆ ಕೋಲು ಅವನ ಕೈಗೆ ಬಂದದ್ದು ನನ್ನಿಂದ.

ನಮ್ಮ ಹೊಲ ಮಟಕಿಯಿಂದ ಆಳಂದಕ್ಕೆ ಹೋಗುವ ರಸ್ತೆಗೆ ಹತ್ತಿಕೊಂಡಿದೆ. ಡಾಂಬರು ಬಿದ್ದ ಮೇಲೆ ನಾವು ಕಣ ಮಾಡುವುದನ್ನೇ ಬಿಟ್ಟೆವು. ಕಣ ಎಂದರೆ ನೆಲ ಕೆತ್ತಬೇಕು, ಸಗಣಿ ಸಾರಿಸಬೇಕು, ಎತ್ತು ಕಟ್ಟಿ ಹಂತಿ ಹೊಡೆಯಬೇಕು. ರಸ್ತೆ ಮೇಲೆ ಹರವಿದರೆ ಹೋಗುವ ಬರುವ ಗಾಡಿಗಳೇ ತುಳಿದು ಕಾಳು ಬಿಡಿಸುತ್ತವೆ. ಯಾವ ಗಾಡಿಯೂ ತಪ್ಪಿಸಿಕೊಂಡು ಹೋಗಬಾರದೆಂದು ಅಂಚಿಗೆ ಕಲ್ಲಿಡುತ್ತಿದ್ದೆವು. ಸುಗ್ಗಿ ಮುಗಿದ ಮೇಲೆ ಆ ಕಲ್ಲು ಎತ್ತುವುದು ಯಾರಿಗೂ ನೆನಪಾಗುತ್ತಿರಲಿಲ್ಲ.

ಸಾಯಬಣ್ಣ ಅಫಜಲಪುರದ ಕಡೆ ಅತನೂರಿನವನು. ಬ್ಯಾಳಿ ಮಿಲ್ಲಿಗೆ ತೊಗರಿ ಹೊರುವ ಲಾರಿ ಅವನದು. ಬಾಯಿ ಜೋರು. ಹರವಿದ ತೊಗರಿ ಕಟ್ಟಿಗೆಯ ಮೇಲೆ ಬ್ರೇಕು ಹಿಡಿಯುವುದಿಲ್ಲ, ಸೈಲೆನ್ಸರಿಗೆ ಸಿಕ್ಕರೆ ಬೆಂಕಿ ಹತ್ತುತ್ತದೆ ಎಂದು ಜಗಳ ತೆಗೆಯುತ್ತಿದ್ದ. "ನನ್ನ ಲಾರಿ ನಿಮ್ಮ ಹಂತಿ ಎತ್ತೇನಬೇ?" ಎಂದು ಕೇಳುತ್ತಿದ್ದ. ಎತ್ತಿಗಾದರೆ ಮೇವು ಹಾಕಬೇಕಲ್ಲ ಎಂದು ನಾನು ಹೇಳಿದರೆ ನಗುತ್ತಿದ್ದ. ಆಗ ಅವನ ಬಳಿ ಕೋಲಿರಲಿಲ್ಲ. ಕಿಟಕಿಯ ಹೊರಗೆ ಹಿಚುಕುವ ರಬ್ಬರಿನ ಹಾರ್ನು ಇತ್ತು.

ಎಪ್ಪತ್ತೆರಡರ ಬರ ಕಳೆದು ಮೂರನೆಯ ವರ್ಷ. ನಮ್ಮತ್ತೆ ನೀಲಮ್ಮನಿಗೆ ಕಿವಿ ಪೂರಾ ಹೋಗಿತ್ತು. ಹೊಲದ ಕೆಲಸ ಆಗುತ್ತಿರಲಿಲ್ಲ. ದನ ಬಾಯಿ ಹಾಕದಂತೆ ನೋಡಿಕೊಳ್ಳಲಿ ಎಂದು ನಾನೇ ಆಕೆಯನ್ನು ರಸ್ತೆ ಮೇಲಿನ ತೊಗರಿಗೆ ಕಾವಲು ಕೂಡಿಸಿದೆ. ಚಳಿಗಾಲ. ಬಿಸಿಲಿಗೆ ಡಾಂಬರು ಬೆಚ್ಚಗಿತ್ತು, ಮೇಲೆ ತಣ್ಣನೆಯ ಗಾಳಿ. ಆಕೆ ರಸ್ತೆ ಮೇಲೆಯೇ ಕೌದಿ ಹೊದ್ದು ಮಲಗಿ, ಗಾಳಿಗೆ ಅಡ್ಡವಾಗಿ ನಾಲ್ಕು ತೆಕ್ಕೆ ತೊಗರಿ ಕಟ್ಟಿಗೆ ಮೈಮೇಲೆ ಎಳೆದುಕೊಂಡಿದ್ದಳು. ನಾವು ನಾಲ್ಕು ಮಂದಿ ಬೇವಿನ ಗಿಡದ ಕೆಳಗೆ ರೊಟ್ಟಿ ತಿನ್ನುತ್ತಿದ್ದೆವು. ದೂರದಿಂದಲೇ ಹಾರ್ನು ಕೇಳಿತು. ಮೂರು ಸಲ. ಸಾಯಬಣ್ಣನ ಲಾರಿ ಬಂತು, ಕಾಳು ಬಿಡಿಸುತ್ತದೆ ಎಂದು ನನಗೆ ಖುಷಿಯಾಯಿತು. ಕೈಯಲ್ಲಿದ್ದ ರೊಟ್ಟಿ ಬಿಟ್ಟು ಏಳಲಿಲ್ಲ.

ಉಳಿದದ್ದನ್ನು ಹೇಳುವುದು ಬೇಡ.

ಪೊಲೀಸರ ಮುಂದೆ ಹೋಗುವ ಮೊದಲು ನನ್ನ ಗಂಡ ನಾಲ್ವರನ್ನೂ ಕೂಡಿಸಿಕೊಂಡು ಹೇಳಿದ: "ಹಾರ್ನ್ ಹೊಡದಾನಂದ್ರ, ಮುದುಕಿ ಯಾಕ ಏಳಲಿಲ್ಲಂತ ಕೇಳ್ತಾರ. ಕೆಪ್ಪೀನ ರಸ್ತಾದಾಗ ಕುಂಡ್ರಿಸಿದವರು ಯಾರಂತ ಕೇಳ್ತಾರ." ಹಾರ್ನು ಕೇಳಲಿಲ್ಲ ಎಂದು ಹೆಬ್ಬೆಟ್ಟು ಒತ್ತಿದೆ. ಕೋರ್ಟಿನಲ್ಲೂ ಅದನ್ನೇ ಹೇಳಿದೆ. ಅತ್ತೆಯ ಕಿವಿಯ ಮಾತನ್ನು ಯಾರೂ ಎತ್ತಲಿಲ್ಲ. ಸಾಯಬಣ್ಣನಿಗೆ ಆರು ತಿಂಗಳು ಸಜಾ ಆಯಿತು.

ಅತ್ತೆ ಸತ್ತ ಮೂರನೆಯ ಸುಗ್ಗಿಗೆ ನಾವು ಮತ್ತೆ ರಸ್ತೆ ಮೇಲೆ ಹರವಿದೆವು. ನಾಚಿಕೆ ಇರಲಿಲ್ಲವೇ ಎಂದು ಕೇಳಬಹುದು. ಇರಲಿಲ್ಲ. ಆವತ್ತು ಲಾರಿ ನಿಂತಿತು, ಕೋಲು ಹಿಡಿದು ಸಾಯಬಣ್ಣ ಇಳಿದ. ಬಯ್ಯಲಿಲ್ಲ. ತುದಿಯಿಂದ ತುದಿಗೆ ತಿವಿದು ಬಂದು ನನ್ನ ಮುಂದೆ ನಿಂತ. "ಹಾರ್ನು ಕಿವಿ ಇದ್ದವರಿಗೆ, ಮಲ್ಲವ್ವ. ಕೋಲು ಎಲ್ಲಾರಿಗೂ." ಅತ್ತೆ ಕೆಪ್ಪಿ ಎಂದು ಅವನಿಗೆ ಯಾರೋ ಹೇಳಿದ್ದರು. ಅವನು ಹೋದ ಮೇಲೆ ಬುಟ್ಟಿ ತುಂಬಿ ಎಲ್ಲವನ್ನೂ ಹೊಲಕ್ಕೆ ಒಯ್ದು ಸುರಿದೆ. ಅಲ್ಲಿಂದ ಮುಂದೆ ನಮ್ಮ ಮನೆಯ ತೊಗರಿ ರಸ್ತೆ ಕಾಣಲಿಲ್ಲ.

ಉಳಿದವರು ಹರವುತ್ತಲೇ ಇದ್ದರು, ಅವನು ತಿವಿಯುತ್ತಲೇ ಇದ್ದ. ಒಮ್ಮೆ ಕುಡಿದು ಮಲಗಿದ್ದ ಊರ ಗೌಡನ ಕುಂಡಿಗೆ ಕೋಲು ತಾಗಿತು. ಗೌಡ ಎದ್ದು ಅವನ ಏಳು ತಲೆಮಾರು ಬಯ್ದ. ಸಾಯಬಣ್ಣ ನಿಂತು ಪೂರಾ ಕೇಳಿಸಿಕೊಂಡು, ಬೈಗುಳ ಕೇಳಿ ಇಷ್ಟು ಸಮಾಧಾನ ಎಂದೂ ಆಗಿರಲಿಲ್ಲ ಎಂದ. ಎಲ್ಲರೂ ನಕ್ಕರು. ಅವನು ನಗಲಿಲ್ಲ.

ತಲೆ ಮೇಲೆ ಹೊರೆ ಹೊತ್ತು ಹೋಗುವ ಹೆಂಗಸರನ್ನು ನಿಲ್ಲಿಸಿ ಬುದ್ಧಿ ಹೇಳುತ್ತಿದ್ದ. ಬೆನ್ನಿಗೆ ಕಣ್ಣಿಲ್ಲ, ಗಾಡಿ ಎದುರಿಗೆ ಬರುವ ಬದಿ ಹಿಡಿದು ನಡೆಯಿರಿ ಎನ್ನುತ್ತಿದ್ದ. ಹೊತ್ತು ಮುಳುಗುವಾಗ ಕಂಡರಂತೂ, "ನಿಮಗ ಲಾರಿ ಕಾಣ್ತದ. ಲಾರಿಯವಗ ನೀವು ಕಾಣ್ತೀರಂತ ತಿಳಕೋಬ್ಯಾಡ್ರಿ." ಯಾರೇ ಹೊರಡಲಿ, ಹೋಗಿ ಬರ್ರಿ ಎನ್ನುತ್ತಿರಲಿಲ್ಲ. "ನೋಡಿ ದಾಟ್ರಿ" ಎನ್ನುತ್ತಿದ್ದ. ನನಗೂ ಪ್ರತಿ ಸಲ ಅದನ್ನೇ ಹೇಳುತ್ತಿದ್ದ. ಆ ಮಾತು ಕೇಳಿದಾಗೆಲ್ಲ ಇವತ್ತು ಹೇಳಿಬಿಡೋಣ ಎಂದು ಬಾಯಿ ತೆರೆಯುತ್ತಿದ್ದೆ. ಅಷ್ಟರಲ್ಲಿ ಲಾರಿ ಹೋಗಿರುತ್ತಿತ್ತು. ಹೀಗೆ ಇಪ್ಪತ್ತು ವರ್ಷ ಹೋಯಿತು.

ಲಾರಿ ಬಿಟ್ಟು ಅವನು ಜೇವರ್ಗಿಯಲ್ಲಿ ಮಗಳ ಮನೆ ಸೇರಿದ, ಹಾಸಿಗೆ ಹಿಡಿದಿದ್ದಾನೆ ಎಂದು ಸುದ್ದಿ ಬಂತು. ನನ್ನ ಗಂಡ ಆಗಲೇ ತೀರಿಕೊಂಡಿದ್ದ. ಬಸ್ಸು ಹತ್ತಿ ಹೋದೆ. ಅವನು ಹೊರಸಿನ ಮೇಲೆ ಗೋಡೆಗೆ ಒರಗಿದ್ದ. ಕಣ್ಣಿಗೆ ಪೊರೆ ಬಂದಿತ್ತು. ದನಿಯ ಮೇಲೆ ನನ್ನ ಗುರುತು ಹಿಡಿದ. ನಾನು ಮಾತು ತೆಗೆಯುವ ಮೊದಲೇ ಅವನು ಕೇಳಿದ.

"ಮಲ್ಲವ್ವ, ಆವತ್ತ ನಾ ಹಾರ್ನ್ ಹೊಡದಿದ್ನೇನು?"

ನಾನು ಹೊರಸಿನ ಬದಿಗೆ ನೆಲದ ಮೇಲೆ ಕುಳಿತೆ.

"ಹೊಡದೇನಂತ ಕೋರ್ಟಿನ್ಯಾಗ ಹೇಳಿದ್ದೆ. ನೀವು ನಾಕು ಮಂದಿ ಇಲ್ಲಂದ್ರಿ. ನಾಕು ಮಂದೀನೂ ಸುಳ್ಳು ಹೇಳ್ತಾರೇನು? ಜೇಲಿನ್ಯಾಗ ನೆನಸಿ ನೆನಸಿ ಈಗ ನನಗೇ ಖಾತ್ರಿ ಇಲ್ಲ. ಕೈ ಹಾರ್ನಿನ ಮ್ಯಾಲಿತ್ತು. ಹಿಚುಕಿತ್ತೋ ಇಲ್ಲೋ."

"ಮೂರು ಸಲ ಹೊಡದ್ರಿ," ಎಂದೆ. "ನಾ ಕೇಳೇನ್ರಿ. ರೊಟ್ಟಿ ತಿನ್ನಾಕತ್ತಿದ್ದೆ."

ಸೊಸೆಯೇ ಅತ್ತೆಯನ್ನು ರಸ್ತೆಗೆ ಹಾಕಿ ಕೊಂದಳು ಎಂದು ಮಂದಿ ಆಡಿಕೊಳ್ಳುತ್ತಾರೆಂದು ಹೆದರಿ ಸುಳ್ಳು ಹೇಳಿದೆ ಎಂಬುದನ್ನೂ ಹೇಳಿದೆ. ಅಳಲಿಲ್ಲ. ಅತ್ತಿದ್ದರೆ ಅವನೇ ನನಗೆ ಸಮಾಧಾನ ಹೇಳಬೇಕಾಗುತ್ತಿತ್ತು.

ಕೌದಿಯ ಮೇಲಿದ್ದ ಅವನ ಬಲಗೈ ಮುಷ್ಟಿ ಕಟ್ಟಿತು, ಬಿಟ್ಟಿತು. ಮತ್ತೆ ಕಟ್ಟಿತು, ಬಿಟ್ಟಿತು. ಮೂರು ಸಲ.

"ಹೊಡದಿದ್ದೆ," ಎಂದ. ನನಗಲ್ಲ, ತನಗೇ.

ಬರುತ್ತೇನೆ ಎಂದು ಎದ್ದೆ. ಅವನು ಗೋಡೆಯ ಕಡೆ ಮುಖ ಮಾಡಿದ. ಹೊಸ್ತಿಲಲ್ಲಿ ನಿಂತು ಕಾದೆ. ಅವನು "ನೋಡಿ ದಾಟ್ರಿ" ಎನ್ನಲಿಲ್ಲ.

ಹೊರಗೆ ದೊಡ್ಡ ರಸ್ತೆ. ನನ್ನ ಬಸ್ಸು ಆಚೆ ಬದಿಗೆ ನಿಲ್ಲುತ್ತಿತ್ತು. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಯಾವ ಗಾಡಿಯೂ ಇರಲಿಲ್ಲ. ಬಸ್ಸು ಬಂದು ನಿಂತು ಹೋಯಿತು. ನಾನು ಈಚೆ ಬದಿಗೇ ನಿಂತಿದ್ದೆ.