ನಿಲ್ಲದ ಕಂಪನ: ದುದ್ದದ ಹಸುವಿನ ಪ್ರಕರಣ

ಮೂರು ವರ್ಷದ ಹಿಂದಿನ ಮಾತು. ಹಾಸನದ ಪಶುರೋಗ ಪ್ರಯೋಗಾಲಯವೊಂದರಲ್ಲಿ ನಾನು ಸೂಕ್ಷ್ಮಜೀವಿ ತಜ್ಞೆಯಾಗಿದ್ದೆ. ನಿವೃತ್ತಿಗೆ ಒಂದು ವರ್ಷ ಬಾಕಿ ಇತ್ತು.

ಹತ್ತಿರದ ದುದ್ದ ಗ್ರಾಮದ ಜಯಮ್ಮ ತಮ್ಮ ಹಸುವಿನ ಹಾಲಿನ ಜೊತೆಗೆ, ಸೂಜಿ ಹಾಕುವವನು ಬಿಟ್ಟುಹೋಗಿದ್ದ, ಅರ್ಧ ಉಳಿದ ಆಂಪಿಸಿಲಿನ್ ಔಷಧದ ಸೀಸೆಯನ್ನೂ ತಂದು ಮೇಜಿನ ಮೇಲಿಟ್ಟರು. ಹಸುವಿಗೆ ಕೆಚ್ಚಲುಬಾವು.

"ನಾಕು ಸೂಜಿ ಆಯ್ತು ಮೇಡಂ, ಕೆಚ್ಚಲು ಇನ್ನೂ ಕಲ್ಲಿದ್ದಂಗೈತೆ. ಅಂಗಡಿಯೋನು ನೀರು ತುಂಬವ್ನೆ ಕಣಿ."

ಆಗಷ್ಟೇ ನಮಗೆ ಕ್ಯಾಂಟಿಲಿವರ್ ಯಂತ್ರ ಬಂದಿತ್ತು. ಒಂದು ತುದಿ ಮಾತ್ರ ಬಿಗಿದ, ಕೂದಲಿಗಿಂತ ತೆಳುವಾದ ಸಿಲಿಕಾನ್ ಪಟ್ಟಿ ಅದು. ಮೇಲೆ ಅಂಟಿಸಿದ ಬ್ಯಾಕ್ಟೀರಿಯಾ ಬದುಕಿರುವವರೆಗೆ ಪಟ್ಟಿ ನ್ಯಾನೋಮೀಟರ್ ಲೆಕ್ಕದಲ್ಲಿ ಅದುರುತ್ತದೆ. ಲೇಸರ್ ಅದನ್ನು ಅಳೆಯುತ್ತದೆ. ಅವು ಸತ್ತರೆ ಪಟ್ಟಿ ಶಾಂತ.

ಹಾಲಿನಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾಕ್ಕೆ ನಮ್ಮ ಆಂಪಿಸಿಲಿನ್ ಹಾಕಿದೆ. ಒಂದು ಗಂಟೆಯೊಳಗೆ ಕಂಪನ ನಿಂತಿತು. ಜಯಮ್ಮನ ಸೀಸೆಯ ಔಷಧವನ್ನು ಅಷ್ಟೇ ಪ್ರಮಾಣದಲ್ಲಿ ಹಾಕಿದರೆ ಎರಡು ಗಂಟೆಯಾದರೂ ನಿಲ್ಲಲಿಲ್ಲ.

ಮೊದಲ ಅನುಮಾನ ಯಂತ್ರದ ಮೇಲೆ. ಹೊರಗೆ ಬಸ್ಸು ಹೋದರೂ ಅದುರುವ ಕಟ್ಟಡ ನಮ್ಮದು. ಕಾಯಿಸಿ ಕೊಂದ ಬ್ಯಾಕ್ಟೀರಿಯಾ ಇಟ್ಟು ನೋಡಿದೆ, ಪಟ್ಟಿ ಅಲುಗಲಿಲ್ಲ. ಸೀಸೆಯನ್ನು ಮತ್ತೆ ಪರೀಕ್ಷಿಸಿದೆ; ಮತ್ತೆ ಅದೇ ಕಂಪನ. ನಕಲಿ ಔಷಧವೇ ಸರಿ ಎಂದು, ಅದನ್ನು ಮಾರಿದ ಔಷಧದಂಗಡಿಯ ಮೇಲೆ ಔಷಧ ನಿಯಂತ್ರಣ ಇಲಾಖೆಗೆ ದೂರಿನ ಪತ್ರ ಬರೆದೆ.

ಸಹಿ ಹಾಕುವಾಗ ಹೊಳೆಯಿತು: ನಾನು ಪರೀಕ್ಷಿಸಿದ್ದು ಬಿಚ್ಚಿದ ಸೀಸೆಯನ್ನು ಮಾತ್ರ. ಅಂಗಡಿಗೆ ಹೋಗಿ ಅದೇ ಬ್ಯಾಚ್‌ನ ಸೀಲಾದ ಸೀಸೆ ಕೇಳಿದೆ. ಮಾಲೀಕ ಮಂಜಣ್ಣ ಸೀಸೆ ತೆಗೆದುಕೊಟ್ಟರು.

"ನನ್ ಮೇಲೆ ಅನುಮಾನನಾ ಮೇಡಂ?"

"ಹೌದು," ಎಂದೆ.

ಆ ಸೀಸೆಯ ಔಷಧಕ್ಕೆ ಕಂಪನ ಮುಕ್ಕಾಲು ಗಂಟೆಯಲ್ಲೇ ನಿಂತಿತು.

ಹಾಗಾದರೆ ಕೆಟ್ಟಿದ್ದು ಅಂಗಡಿಯಿಂದಾಚೆ. ಮರುದಿನ ದುದ್ದಕ್ಕೆ ಹೋಗಿ, ಊರಿನ ದನಗಳಿಗೆ ಸೂಜಿ ಹಾಕುತ್ತಿದ್ದ ಶಿವಣ್ಣನನ್ನು, ಔಷಧದ ಪುಡಿಗೆ ಯಾವಾಗ ನೀರು ಬೆರೆಸುತ್ತೀಯ ಎಂದು ಜಯಮ್ಮನ ಕೊಟ್ಟಿಗೆಯಲ್ಲೇ ಕೇಳಿದೆ.

"ಆವತ್ತಾವತ್ತೇ ಕಲ್ಸೋದು ಮೇಡಂ," ಎಂದ.

ಜಯಮ್ಮ ಬಿಡಲಿಲ್ಲ. "ಸುಳ್ಯಾಕೆ ಏಳ್ತೀಯಲಾ? ಸೋಮಾರ ನೀನು ಕಲ್ಸಿದ್ ಸೀಸೇನೇ ಬುದ್ವಾರಾನೂ ತಂದಿದ್ಯಲ್ಲ!"

ಶಿವಣ್ಣ ಒಪ್ಪಿಕೊಂಡ. ಪುಡಿಗೆ ನೀರು ಬೆರೆಸಿದ ಸೀಸೆಯನ್ನು ಬೈಕಿನ ಡಬ್ಬಿಯಲ್ಲಿ ಬಿಸಿಲಿನಲ್ಲೇ ಎರಡು ಮೂರು ದಿನ ಒಯ್ದು ಮನೆಮನೆಗೆ ಹಂಚುತ್ತಿದ್ದ. ಬೆರೆಸಿದ ಆಂಪಿಸಿಲಿನ್ ಆ ಬಿಸಿಗೆ ಬೇಗ ಸತ್ವ ಕಳೆದುಕೊಳ್ಳುತ್ತದೆ. ಅದು ಅವನಿಗೆ ಗೊತ್ತಿರಲಿಲ್ಲ.

ಪಶುವೈದ್ಯರು ಹೊಸ ಔಷಧ ಕೊಟ್ಟರು. ಮೂರು ಮೊಲೆ ಸರಿಯಾದವು, ಒಂದು ಬತ್ತಿಹೋಯಿತು. ಜಯಮ್ಮ ಶಿವಣ್ಣನನ್ನು ಮತ್ತೆ ಕೊಟ್ಟಿಗೆಗೆ ಸೇರಿಸಲಿಲ್ಲ.

ಪತ್ರ ಹರಿದು ಹಾಕಿ ಮಂಜಣ್ಣನಿಗೆ ನಡೆದದ್ದೆಲ್ಲ ಹೇಳಿದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. "ಆ ಪತ್ರ ಹೋಗಿದ್ರೆ ನಾನು ಬಾಗ್ಲು ಮುಚ್ಕೊಂಡಿರ್ತಿದ್ದೆ ಮೇಡಂ," ಎಂದಷ್ಟೇ ಹೇಳಿದರು.

ಯಂತ್ರವನ್ನು ಅನುಮಾನಿಸಿದಾಗ ಎರಡೆರಡು ಸಲ ಪರೀಕ್ಷಿಸಿದ್ದೆ. ಮನುಷ್ಯನನ್ನು ಅನುಮಾನಿಸಿದಾಗ ಒಂದು ಸಲವೂ ಕೇಳದೆ ಪತ್ರ ಬರೆದಿದ್ದೆ. ನಿವೃತ್ತಿಯವರೆಗೂ ಯಾವ ವರದಿಗೆ ಸಹಿ ಹಾಕುವಾಗಲೂ ಅದು ನೆನಪಾಗುತ್ತಿತ್ತು.